ರಕ್ತ ತಲುಪಿದೆಯೇ? ಶಸ್ತ್ರಚಿಕಿತ್ಸೆಯ ನಡುವೆ ಉತ್ತರ ನೀಡುವ ಹಸಿರು ಬಣ್ಣ

ದಾವಣಗೆರೆ: ದೊಡ್ಡಕರುಳಿನಲ್ಲಿ ಬೆಳೆದ ಗೆಡ್ಡೆಯನ್ನು ಕತ್ತರಿಸಿ ತೆಗೆಯುವುದು ಶಸ್ತ್ರಚಿಕಿತ್ಸೆಯ ಅರ್ಧ ಕೆಲಸ ಮಾತ್ರ. ಉಳಿದ ಎರಡು ತುದಿಗಳನ್ನು ಮತ್ತೆ ಕೂಡಿಸಿ ಹೊಲಿಯುವುದು ಇನ್ನರ್ಧ. ರೋಗಿಯ ಮುಂದಿನ ಹದಿನೈದು ದಿನಗಳು ಹೇಗಿರುತ್ತವೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಈ ಎರಡನೆಯ ಅರ್ಧವೇ. ಹೊಲಿಗೆ ಹಿಡಿದರೆ ರೋಗಿ ಒಂದು ವಾರದ ಆಸುಪಾಸಿನಲ್ಲಿ ಮನೆ ಸೇರುತ್ತಾನೆ. ಹಿಡಿಯದಿದ್ದರೆ ಐದಾರನೆಯ ದಿನಕ್ಕೆ ಜ್ವರ, ಹೊಟ್ಟೆನೋವು, ಏರಿದ ನಾಡಿಬಡಿತ ಕಾಣಿಸಿಕೊಳ್ಳುತ್ತವೆ. ಕರುಳಿನೊಳಗಿನ ಮಲ ಹೊಟ್ಟೆಯೊಳಕ್ಕೆ ಸೋರತೊಡಗಿರುತ್ತದೆ. ಆಗ ಎರಡನೆಯ ಶಸ್ತ್ರಚಿಕಿತ್ಸೆ, ತೀವ್ರ ನಿಗಾ ಘಟಕ, ಹೊಟ್ಟೆಯ ಮೇಲೊಂದು ಮಲದ ಚೀಲ, ಕೆಲವೊಮ್ಮೆ ಜೀವಹಾನಿ.

ಹೊಲಿಗೆ ಬಿಟ್ಟುಕೊಳ್ಳಲು ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದದ್ದು, ಹೊಲಿದ ತುದಿಗೆ ಸಾಕಷ್ಟು ರಕ್ತ ತಲುಪದಿರುವುದು. ದುರದೃಷ್ಟವೆಂದರೆ ರಕ್ತ ತಲುಪಿದೆಯೋ ಇಲ್ಲವೋ ಎಂಬುದು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಬರಿಗಣ್ಣಿಗೆ ಯಾವಾಗಲೂ ಸ್ಪಷ್ಟವಾಗಿ ಕಾಣುವುದಿಲ್ಲ. ಈ ಕೊರತೆಯನ್ನು ತುಂಬಲು ಜಗತ್ತಿನ ಅನೇಕ ಶಸ್ತ್ರಚಿಕಿತ್ಸಾ ಕೊಠಡಿಗಳು ಈಗ ಒಂದು ಬಣ್ಣದ ನೆರವು ಪಡೆಯುತ್ತಿವೆ. ಅದರ ಹೆಸರು ಇಂಡೋಸಯನೈನ್ ಗ್ರೀನ್. ವೈದ್ಯರ ಬಾಯಲ್ಲಿ ಅದು ಐಸಿಜಿ. ಹೃದಯ ಪರೀಕ್ಷೆಯ ಇಸಿಜಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈ ಬಣ್ಣದ ಬಗ್ಗೆ ಜಾಹೀರಾತುಗಳು ಹೇಳುವುದಕ್ಕಿಂತ ಕಡಿಮೆ ಮತ್ತು ಸಂದೇಹವಾದಿಗಳು ಹೇಳುವುದಕ್ಕಿಂತ ಹೆಚ್ಚು ಸತ್ಯಾಂಶವಿದೆ. ದಾವಣಗೆರೆಯ ಕೆ.ಬಿ. ಬಡಾವಣೆಯ ನಿವಾಸಿಯಾಗಲಿ, ಹರಿಹರದ ಕಾರ್ಮಿಕ ಕುಟುಂಬವಾಗಲಿ, ದೊಡ್ಡ ಶಸ್ತ್ರಚಿಕಿತ್ಸೆಯೊಂದಕ್ಕೆ ಒಪ್ಪಿಗೆ ಪತ್ರದ ಮೇಲೆ ಸಹಿ ಹಾಕುವ ಮುನ್ನ ಈ ಎರಡೂ ಬದಿಗಳನ್ನು ತಿಳಿದಿರುವುದು ಒಳಿತು.

ಕಾಲುವೆಯ ಕೊನೆಭಾಗದ ಸಮಸ್ಯೆ

ಭದ್ರಾ ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ದಾವಣಗೆರೆ ಮತ್ತು ಹರಿಹರ ಭಾಗದ ರೈತರಿಗೆ 'ಕೊನೆಭಾಗ' ಎಂಬ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಅಣೆಕಟ್ಟೆ ತುಂಬಿರಬಹುದು, ಮೇಲ್ಭಾಗದ ಗದ್ದೆಗಳು ಹಸಿರಾಗಿರಬಹುದು. ಆದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪಿತೇ ಎಂಬುದೇ ಪ್ರತಿ ಹಂಗಾಮಿನ ಪ್ರಶ್ನೆ. ದೇಹದಲ್ಲಿಯೂ ಶಸ್ತ್ರಚಿಕಿತ್ಸಕನನ್ನು ಕಾಡುವುದು ಇಂತಹದೇ ಪ್ರಶ್ನೆ. ಹೃದಯ ಚೆನ್ನಾಗಿ ಮಿಡಿಯುತ್ತಿರಬಹುದು, ರಕ್ತದೊತ್ತಡ ಸರಿಯಾಗಿರಬಹುದು. ಕತ್ತರಿಸಿದ ಅಂಚಿನ ಕೊನೆಯ ಒಂದು ಸೆಂಟಿಮೀಟರ್‌ಗೆ ರಕ್ತ ಬಂದಿದೆಯೇ?

ದೊಡ್ಡಕರುಳಿಗೆ ಎರಡು ಮುಖ್ಯ ಅಪಧಮನಿಗಳು ರಕ್ತ ಒದಗಿಸುತ್ತವೆ. ಮೇಲಿನದು ಬಲಭಾಗವನ್ನೂ ಕೆಳಗಿನದು ಎಡಭಾಗವನ್ನೂ ನೋಡಿಕೊಳ್ಳುತ್ತದೆ. ಇವೆರಡನ್ನೂ ಕರುಳಿನ ಅಂಚಿನುದ್ದಕ್ಕೂ ಸಾಗುವ ಒಂದು ಸಣ್ಣ ರಕ್ತನಾಳ ಜೋಡಿಸುತ್ತದೆ. ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡುವಾಗ ಕೆಳಗಿನ ಅಪಧಮನಿಯನ್ನು ಬುಡದಲ್ಲಿಯೇ ಕಟ್ಟಿಹಾಕಬೇಕಾಗುವ ಸಂದರ್ಭಗಳು ಹೆಚ್ಚು. ಕಟ್ಟಿದ ಕ್ಷಣದಿಂದ ಎಡಭಾಗದ ಕರುಳು ಅಂಚಿನ ಆ ಸಣ್ಣ ನಾಳವನ್ನೇ ಅವಲಂಬಿಸಬೇಕು. ಗುಲ್ಮದ ಬಳಿ ಕರುಳು ತಿರುಗುವ ಮೂಲೆಯಲ್ಲಿ ಈ ನಾಳ ಕೆಲವರಲ್ಲಿ ಬಹಳ ತೆಳ್ಳಗಿರುತ್ತದೆ. ಇನ್ನು ಕೆಲವರಲ್ಲಿ ಅದರ ಜೋಡಣೆಯೇ ಕಡಿದುಹೋಗಿರುತ್ತದೆ. ಅಂಥವರಲ್ಲಿ ತುದಿಗೆ ರಕ್ತ ತಲುಪುವುದು ಅನುಮಾನ.

ಅನ್ನನಾಳದ ಕ್ಯಾನ್ಸರ್‌ನಲ್ಲಿ ಈ ಸಮಸ್ಯೆ ಇನ್ನೂ ಕಠಿಣ. ತೆಗೆದುಹಾಕಿದ ಅನ್ನನಾಳದ ಜಾಗಕ್ಕೆ ಜಠರವನ್ನೇ ಕೊಳವೆಯಾಗಿ ರೂಪಿಸಿ ಎದೆಯೊಳಗೆ ಅಥವಾ ಕುತ್ತಿಗೆಯವರೆಗೆ ಮೇಲೆಳೆಯಲಾಗುತ್ತದೆ. ಜಠರಕ್ಕಿದ್ದ ಹಲವು ರಕ್ತನಾಳಗಳನ್ನು ಕಟ್ಟಿದ ಮೇಲೆ ಮುಖ್ಯವಾಗಿ ಬಲಬದಿಯ ಒಂದು ಅಪಧಮನಿಯ ಮೇಲೆ ಇಡೀ ಕೊಳವೆ ಬದುಕಬೇಕು. ಹೊಲಿಗೆ ಬೀಳುವುದು ಕೊಳವೆಯ ತುತ್ತತುದಿಯಲ್ಲಿ, ಅಂದರೆ ರಕ್ತ ಅತ್ಯಂತ ಕಡಿಮೆ ತಲುಪುವ ಕೊನೆಭಾಗದಲ್ಲಿ.

ಕಣ್ಣಿಗೆ ಕಂಡದ್ದೆಲ್ಲ ಸತ್ಯವಲ್ಲ

ಹಿಂದಿನಿಂದಲೂ ಶಸ್ತ್ರಚಿಕಿತ್ಸಕರು ಕೆಲವು ಲಕ್ಷಣಗಳನ್ನು ನಂಬಿದ್ದಾರೆ. ಕರುಳು ತಿಳಿಗೆಂಪಾಗಿ ಹೊಳೆಯುತ್ತಿದೆಯೇ? ಕತ್ತರಿಸಿದ ಅಂಚಿನಲ್ಲಿ ಕೆಂಪು ರಕ್ತ ಒಸರುತ್ತಿದೆಯೇ? ಪಕ್ಕದ ಕೊಬ್ಬಿನ ಪದರದಲ್ಲಿ ನಾಡಿ ಮಿಡಿಯುತ್ತಿದೆಯೇ? ಮುಟ್ಟಿದರೆ ಕರುಳು ಅಲೆಯಂತೆ ಚಲಿಸುತ್ತಿದೆಯೇ? ಇವು ಇಂದಿಗೂ ಅಗತ್ಯ. ಇವನ್ನು ಬಿಟ್ಟು ಯಾವ ಯಂತ್ರವೂ ಇಲ್ಲ.

ಆದರೆ ಇವು ಸಾಲವು ಎಂಬುದಕ್ಕೆ ಪುರಾವೆಯಿದೆ. ನೆದರ್ಲೆಂಡ್ಸ್‌ನ ವೈದ್ಯರು 191 ರೋಗಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಲಿಗೆ ಮುಗಿದ ಕೂಡಲೇ ಅದು ಸೋರುವ ಸಾಧ್ಯತೆ ಎಷ್ಟೆಂದು ಶಸ್ತ್ರಚಿಕಿತ್ಸಕರನ್ನೇ ಕೇಳಲಾಯಿತು. ಅವರ ಅಂದಾಜಿಗೂ ಮುಂದೆ ನಡೆದದ್ದಕ್ಕೂ ಹೊಂದಾಣಿಕೆ ಕಡಿಮೆಯಿತ್ತು. ರಕ್ತದ ಹರಿವು ನಿಂತ ಕರುಳು ಕಪ್ಪಾಗಲು ಸಮಯ ಬೇಕು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಚೆನ್ನಾಗಿಯೇ ಕಂಡ ತುದಿ ಮೂರನೆಯ ದಿನಕ್ಕೆ ಕೊಳೆಯತೊಡಗಬಹುದು.

ಲ್ಯಾಪರೊಸ್ಕೋಪಿ ಬಂದ ಮೇಲೆ ಈ ತೊಂದರೆ ಇನ್ನಷ್ಟು ಹೆಚ್ಚಿತು. ಸಣ್ಣ ರಂಧ್ರಗಳ ಮೂಲಕ ನಡೆಯುವ ಶಸ್ತ್ರಚಿಕಿತ್ಸೆಯಲ್ಲಿ ಬೆರಳಿನಿಂದ ನಾಡಿ ಮುಟ್ಟಿ ನೋಡುವ ಅವಕಾಶವಿಲ್ಲ. ಉಳಿದಿರುವುದು ಪರದೆಯ ಮೇಲಿನ ಚಿತ್ರ ಮಾತ್ರ. ಹಾಗಾದರೆ ಆ ಚಿತ್ರಕ್ಕೇ ಹೆಚ್ಚಿನದನ್ನು ಕಾಣುವ ಶಕ್ತಿ ಕೊಡಬಾರದೇಕೆ ಎಂಬ ಆಲೋಚನೆಗೆ ಅಲ್ಲಿಂದ ಬಲ ಬಂತು.

ಛಾಯಾಗ್ರಹಣದಿಂದ ಬಂದ ಔಷಧ

ಹೊಳೆಯುವ ಬಣ್ಣದಿಂದ ರಕ್ತಸಂಚಾರವನ್ನು ಅಳೆಯುವ ಯೋಚನೆ ಹೊಸದೇನಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಫ್ಲೋರೆಸಿನ್ ಎಂಬ ಬಣ್ಣವನ್ನು ತಯಾರಿಸಿದರು. 1942ರಲ್ಲಿ ಅಮೆರಿಕದ ಲ್ಯಾಂಗೆ ಮತ್ತು ಬಾಯ್ಡ್ ಎಂಬ ವೈದ್ಯರು ಅದನ್ನು ರಕ್ತನಾಳಕ್ಕೆ ಚುಚ್ಚಿ, ಅತಿನೇರಳೆ ದೀಪದ ಕೆಳಗೆ ಅಂಗಾಂಶ ಹೊಳೆಯುವುದನ್ನು ನೋಡಿ ರಕ್ತಸಂಚಾರ ಸಾಕಷ್ಟಿದೆಯೇ ಎಂದು ನಿರ್ಧರಿಸುವ ವಿಧಾನವನ್ನು ವಿವರಿಸಿದರು. ಕಣ್ಣಿನ ಅಕ್ಷಿಪಟಲದ ಪರೀಕ್ಷೆಗೆ ಫ್ಲೋರೆಸಿನ್ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ರಕ್ತನಾಳದಿಂದ ಬೇಗ ಹೊರಸೋರುತ್ತದೆ, ಚರ್ಮ ಮತ್ತು ಮೂತ್ರವನ್ನು ಹಳದಿಯಾಗಿಸುತ್ತದೆ. ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಎರಡು ಮೂರು ಬಾರಿ ನೋಡಬೇಕೆಂದರೆ ಅದು ಒಗ್ಗುವುದಿಲ್ಲ.

ಇಂಡೋಸಯನೈನ್ ಗ್ರೀನ್‌ನ ಹುಟ್ಟು ಬೇರೆಯೇ ಕಡೆ ಆಯಿತು. ಅದರ ಮೂಲ ಛಾಯಾಗ್ರಹಣದ ಕಂಪನಿಯಾದ ಕೊಡ್ಯಾಕ್‌ನ ಪ್ರಯೋಗಾಲಯದಲ್ಲಿದೆ. 1950ರ ದಶಕದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಇರ್ವಿನ್ ಫಾಕ್ಸ್ ಹೃದಯದಿಂದ ಹೊರಬರುವ ರಕ್ತದ ಪ್ರಮಾಣವನ್ನು ಅಳೆಯಲು ತಕ್ಕ ಬಣ್ಣವೊಂದನ್ನು ಹುಡುಕುತ್ತಿದ್ದರು. ಸುಮಾರು 800 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರುವ ಬಣ್ಣ ಅವರಿಗೆ ಬೇಕಿತ್ತು. ಆ ತರಂಗಾಂತರದಲ್ಲಿ ಆಮ್ಲಜನಕ ತುಂಬಿದ ರಕ್ತವೂ ಆಮ್ಲಜನಕ ಕಳೆದುಕೊಂಡ ರಕ್ತವೂ ಬೆಳಕನ್ನು ಒಂದೇ ಪ್ರಮಾಣದಲ್ಲಿ ಹೀರುವುದರಿಂದ ಅಳತೆ ತಪ್ಪುವುದಿಲ್ಲ. ಕೊಡ್ಯಾಕ್‌ನ ಬಣ್ಣ ಈ ಅಗತ್ಯಕ್ಕೆ ಒಪ್ಪಿತು. 1957ರಲ್ಲಿ ಅದರ ವಿವರ ಪ್ರಕಟವಾಯಿತು. 1959ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು.

ಅಂದಿನಿಂದ ಹೃದಯದ ಮತ್ತು ಯಕೃತ್ತಿನ ಕಾರ್ಯಕ್ಷಮತೆಯನ್ನು ಅಳೆಯಲು, 1970ರ ದಶಕದಿಂದ ಕಣ್ಣಿನ ಪರೀಕ್ಷೆಗೆ ಐಸಿಜಿ ಬಳಕೆಯಾಯಿತು. ಶಸ್ತ್ರಚಿಕಿತ್ಸಾ ಕೊಠಡಿಗೆ ಅದು ಕಾಲಿಡಲು ತಕ್ಕ ಕ್ಯಾಮೆರಾಗಳು ಬರುವವರೆಗೂ ಕಾಯಬೇಕಾಯಿತು. 2003ರಲ್ಲಿ ಜರ್ಮನಿಯ ಆಂಡ್ರಿಯಾಸ್ ರಾಬೆ ಮತ್ತು ಸಂಗಡಿಗರು ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಇದರ ಪ್ರಯೋಗವನ್ನು ವರದಿ ಮಾಡಿದರು. ಅದೇ ದಶಕದಲ್ಲಿ ಹೃದಯದ ಬೈಪಾಸ್‌ನಲ್ಲಿ ಜೋಡಿಸಿದ ನಾಳ ತೆರೆದಿದೆಯೇ ಎಂದು ನೋಡಲು ಬಳಕೆ ಆರಂಭವಾಯಿತು. 2011ರಿಂದ ರೋಬೊಟ್ ಶಸ್ತ್ರಚಿಕಿತ್ಸಾ ಯಂತ್ರಗಳಲ್ಲಿಯೂ ಈ ಕ್ಯಾಮೆರಾ ಸೇರಿಕೊಂಡಿತು. ಹೀಗೆ ಅರ್ಧ ಶತಮಾನಕ್ಕೂ ಹಳೆಯದಾದ ಔಷಧವೊಂದು ಹೊಸ ಕ್ಯಾಮೆರಾದ ಕಾರಣದಿಂದ ಎರಡನೆಯ ಬದುಕು ಕಂಡಿತು.

ಕಾಣದ ಬೆಳಕಿನ ಗುಟ್ಟು

ಟಿವಿ ರಿಮೋಟಿನ ತುದಿಯಲ್ಲಿರುವ ಪುಟ್ಟ ದೀಪ ಗುಂಡಿ ಒತ್ತಿದಾಗ ಬೆಳಗುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಅದೇ ರಿಮೋಟನ್ನು ಮೊಬೈಲ್ ಫೋನಿನ ಕ್ಯಾಮೆರಾ ಮುಂದೆ ಹಿಡಿದು ಒತ್ತಿದರೆ ಅನೇಕ ಫೋನುಗಳ ಪರದೆಯ ಮೇಲೆ ಸಣ್ಣ ಬೆಳಕಿನ ಚುಕ್ಕೆ ಕಾಣಿಸುತ್ತದೆ. ಅದು ಅವಕೆಂಪು ಬೆಳಕು. ಮನುಷ್ಯನ ಕಣ್ಣು ಸುಮಾರು 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಮಾತ್ರ ಗುರುತಿಸುತ್ತದೆ. ಕ್ಯಾಮೆರಾದ ಸಂವೇದಕ ಅದರಾಚೆಗೂ ನೋಡಬಲ್ಲದು.

ಐಸಿಜಿ ಕೆಲಸ ಮಾಡುವುದು ಈ ಕಾಣದ ವಲಯದಲ್ಲಿ. ಸುಮಾರು 780ರಿಂದ 805 ನ್ಯಾನೋಮೀಟರ್ ಬೆಳಕು ಬಿದ್ದಾಗ ಬಣ್ಣದ ಕಣಗಳು ಅದನ್ನು ಹೀರಿ, ತುಸು ಹೆಚ್ಚು ಉದ್ದದ, ಅಂದರೆ ಸುಮಾರು 820ರಿಂದ 835 ನ್ಯಾನೋಮೀಟರ್ ಬೆಳಕನ್ನು ಹೊರಸೂಸುತ್ತವೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಬ್ಯಾಂಕಿನ ನೇರಳೆ ದೀಪದ ಕೆಳಗೆ ನೋಟಿನ ದಾರ ಹೊಳೆಯುವುದೂ ಇದೇ ತತ್ತ್ವದಿಂದ. ಕ್ಯಾಮೆರಾದ ಮುಂದಿರುವ ಶೋಧಕ ಗಾಜು ಹೋದ ಬೆಳಕನ್ನು ತಡೆದು, ಬಣ್ಣ ಮರಳಿ ಸೂಸಿದ ಬೆಳಕನ್ನು ಮಾತ್ರ ಒಳಬಿಡುತ್ತದೆ.

ಈ ವಲಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಣ್ಣಿಗೆ ಕಾಣುವ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ನುಂಗಿಬಿಡುತ್ತದೆ. 900 ನ್ಯಾನೋಮೀಟರ್ ದಾಟಿದರೆ ದೇಹದ ನೀರು ನುಂಗತೊಡಗುತ್ತದೆ. ನಡುವಿನ ಕಿರಿದಾದ ಕಿಟಕಿಯಲ್ಲಿ ಬೆಳಕು ಅಂಗಾಂಶದೊಳಗೆ ಕೆಲವು ಮಿಲಿಮೀಟರ್ ಇಳಿದು ಮರಳಿ ಬರಬಲ್ಲದು.

ಪರದೆಯ ಮೇಲೆ ಕಾಣುವ ಹೊಳೆಯುವ ಹಸಿರು ಕಂಪ್ಯೂಟರ್ ಬಳಿದದ್ದು. ನಿಜವಾಗಿ ಹೊರಟ ಬೆಳಕಿಗೆ ಮನುಷ್ಯನ ಕಣ್ಣು ತಿಳಿದ ಬಣ್ಣವೇ ಇಲ್ಲ. ವೈದ್ಯರಿಗೆ ಸುಲಭವಾಗಲೆಂದು ಯಂತ್ರ ಅದಕ್ಕೆ ಹಸಿರು ಅಥವಾ ನೀಲಿ ಬಣ್ಣ ಕೊಡುತ್ತದೆ.

ಒಂದೇ ನಿಮಿಷದ ಪರೀಕ್ಷೆ

ಔಷಧ ಬರುವುದು ಸಾಮಾನ್ಯವಾಗಿ 25 ಮಿಲಿಗ್ರಾಂ ಪುಡಿಯ ಸೀಸೆಯಲ್ಲಿ. ಅದನ್ನು ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿ ಕೆಲವೇ ಗಂಟೆಗಳೊಳಗೆ ಬಳಸಬೇಕು. ಕರುಳಿನ ಯಾವ ಜಾಗದಲ್ಲಿ ಕತ್ತರಿಸಬೇಕೆಂದು ಶಸ್ತ್ರಚಿಕಿತ್ಸಕ ಮೊದಲು ಬರಿಗಣ್ಣಿನಿಂದ ನೋಡಿ ಗುರುತು ಹಾಕುತ್ತಾನೆ. ಬಳಿಕ ಅರಿವಳಿಕೆ ತಜ್ಞರು ಕೈಯ ರಕ್ತನಾಳಕ್ಕೆ ಕೆಲವು ಮಿಲಿಗ್ರಾಂ, ಸಾಮಾನ್ಯವಾಗಿ 5ರಿಂದ 10ರಷ್ಟು ಬಣ್ಣವನ್ನು ಕೊಡುತ್ತಾರೆ. ಕ್ಯಾಮೆರಾವನ್ನು ಅವಕೆಂಪು ವಿಧಾನಕ್ಕೆ ಬದಲಿಸಲಾಗುತ್ತದೆ.

ಮೊದಲಿಗೆ ಪರದೆ ಕಪ್ಪಾಗಿರುತ್ತದೆ. ಬಣ್ಣ ಕೈಯಿಂದ ಹೃದಯಕ್ಕೆ, ಶ್ವಾಸಕೋಶಕ್ಕೆ, ಮತ್ತೆ ಹೃದಯಕ್ಕೆ, ಅಲ್ಲಿಂದ ಮಹಾಪಧಮನಿಗೆ ಸಾಗಿ ಅರ್ಧದಿಂದ ಒಂದು ನಿಮಿಷದಲ್ಲಿ ಕರುಳನ್ನು ತಲುಪುತ್ತದೆ. ಮೊದಲು ಅಪಧಮನಿಗಳು ಗೆರೆಗಳಾಗಿ ಬೆಳಗುತ್ತವೆ. ನಂತರ ಕರುಳಿನ ಗೋಡೆ ತುಂಬಿಕೊಳ್ಳುತ್ತದೆ. ರಕ್ತವಿರುವ ಭಾಗ ಹೊಳೆದು, ಇಲ್ಲದ ಭಾಗ ಕಪ್ಪಾಗಿಯೇ ಉಳಿಯುತ್ತದೆ. ಎರಡರ ನಡುವಿನ ಗಡಿ ಬಹಳಷ್ಟು ಬಾರಿ ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ.

ಗಡಿ ಮೊದಲು ಹಾಕಿದ ಗುರುತಿನಿಂದ ಆಚೆಗಿದ್ದರೆ ನಿಶ್ಚಿಂತೆ. ಗುರುತಿಗಿಂತ ಈಚೆಗೇ ಗಡಿ ಮುಗಿದರೆ ಇನ್ನೂ ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ಸರಿದು ಕತ್ತರಿಸಲಾಗುತ್ತದೆ. ಹೊಲಿಗೆ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬಹುದು. ಬಣ್ಣ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ನಾಳದೊಳಗೇ ಉಳಿಯುತ್ತದೆ, ಮೂರರಿಂದ ಐದು ನಿಮಿಷಗಳಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಯಕೃತ್ತು ಅದನ್ನು ಹೀರಿ ಯಾವ ಬದಲಾವಣೆಯನ್ನೂ ಮಾಡದೆ ಪಿತ್ತರಸದೊಂದಿಗೆ ಹೊರಹಾಕುತ್ತದೆ.

ಕರುಳಿಗಷ್ಟೇ ಸೀಮಿತವಲ್ಲ

ಬಾಯಿ ಕ್ಯಾನ್ಸರ್ ಕರ್ನಾಟಕಕ್ಕೆ ಅಪರಿಚಿತವಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 16ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ದವಡೆಯ ಕ್ಯಾನ್ಸರ್ ತೆಗೆದ ಮೇಲೆ ಮುಖದಲ್ಲಿ ಉಳಿಯುವ ದೊಡ್ಡ ಖಾಲಿ ಜಾಗವನ್ನು ತುಂಬಲು ಕಾಲಿನ ಕೆಳಭಾಗದ ಸಣ್ಣ ಎಲುಬನ್ನು ಚರ್ಮದ ತುಂಡಿನೊಂದಿಗೆ ತೆಗೆದು ದವಡೆಗೆ ಜೋಡಿಸುವ ಪದ್ಧತಿಯಿದೆ. ಒಂದೆರಡು ಮಿಲಿಮೀಟರ್ ದಪ್ಪದ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕು. ಆ ಹೊಲಿಗೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಇಡೀ ತುಂಡು ಸಾಯುತ್ತದೆ. ಜೋಡಣೆಯ ನಂತರ ಐಸಿಜಿ ಕೊಟ್ಟು ನೋಡಿದರೆ ತುಂಡಿನ ಯಾವ ಭಾಗ ಜೀವಂತವಾಗಿದೆ, ಯಾವುದನ್ನು ಆಗಲೇ ಕತ್ತರಿಸಿ ತೆಗೆಯುವುದು ಲೇಸು ಎಂಬುದು ತಿಳಿಯುತ್ತದೆ. ಸ್ತನ ಕ್ಯಾನ್ಸರ್ ನಂತರ ಸ್ತನವನ್ನು ಮರುರೂಪಿಸುವಾಗಲೂ ತೆಳುವಾಗಿ ಬಿಡಿಸಿದ ಚರ್ಮಕ್ಕೆ ರಕ್ತ ತಲುಪಿದೆಯೇ ಎಂದು ಹೀಗೆಯೇ ನೋಡಲಾಗುತ್ತದೆ.

ಮಧುಮೇಹಿಗಳ ಕಾಲಿನ ಹುಣ್ಣು ಇನ್ನೊಂದು ಕ್ಷೇತ್ರ. ಪಾದದ ಯಾವ ಭಾಗಕ್ಕೆ ರಕ್ತ ಬರುತ್ತಿದೆ, ರಕ್ತನಾಳ ತೆರೆಯುವ ಚಿಕಿತ್ಸೆಯಿಂದ ಸುಧಾರಣೆಯಾಯಿತೇ, ಬೆರಳನ್ನಷ್ಟೇ ತೆಗೆದರೆ ಸಾಕೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕೆಲವು ಕೇಂದ್ರಗಳು ಇದನ್ನು ಬಳಸುತ್ತಿವೆ. ಮಿದುಳಿನಲ್ಲಿ ಉಬ್ಬಿದ ರಕ್ತನಾಳಕ್ಕೆ ಕ್ಲಿಪ್ ಹಾಕಿದ ಮೇಲೆ ಉಬ್ಬು ಪೂರ್ತಿ ಮುಚ್ಚಿದೆಯೇ, ಪಕ್ಕದ ಆರೋಗ್ಯವಂತ ನಾಳ ತೆರೆದೇ ಇದೆಯೇ ಎಂಬುದು ತಲೆಬುರುಡೆ ಮುಚ್ಚುವ ಮುನ್ನವೇ ಗೊತ್ತಾಗುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳವನ್ನು ಗುರುತಿಸಲು ಇದೇ ಬಣ್ಣ ಬಳಕೆಯಾಗುತ್ತದೆ. ಅಲ್ಲಿ ಉದ್ದೇಶ ರಕ್ತದ ಹರಿವನ್ನು ನೋಡುವುದಲ್ಲ, ತಪ್ಪು ನಾಳ ಕತ್ತರಿಸದಿರುವುದು.

ಪುರಾವೆ ಏನು ಹೇಳುತ್ತದೆ?

ಇಷ್ಟೆಲ್ಲ ಕೇಳಿದ ಮೇಲೆ ಬಣ್ಣ ಬಳಸಿದರೆ ಸೋರಿಕೆ ನಿಂತೇಹೋಗುತ್ತದೆ ಎಂದು ಅನಿಸುವುದು ಸಹಜ. ಆರಂಭದ ಫಲಿತಾಂಶಗಳು ಹಾಗೆಯೇ ಇದ್ದವು. ಅಮೆರಿಕದಲ್ಲಿ 139 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪಿಲ್ಲರ್-2 ಅಧ್ಯಯನದಲ್ಲಿ ಶೇ 8ರಷ್ಟು ರೋಗಿಗಳಲ್ಲಿ ಬಣ್ಣ ನೋಡಿದ ಮೇಲೆ ಶಸ್ತ್ರಚಿಕಿತ್ಸೆಯ ಯೋಜನೆ ಬದಲಾಯಿತು, ಸೋರಿಕೆ ಕೇವಲ ಶೇ 1.4ರಷ್ಟಿತ್ತು. ಆದರೆ ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಬಣ್ಣ ಬಳಸದ ಗುಂಪೇ ಇರಲಿಲ್ಲ.

ಮುಂದೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನಗಳು ಬಂದವು. 2021ರಲ್ಲಿ ಪ್ರಕಟವಾದ ಪಿಲ್ಲರ್-3ರಲ್ಲಿ 347 ರೋಗಿಗಳಿದ್ದರು. ಬಣ್ಣ ಬಳಸಿದವರಲ್ಲಿ ಸೋರಿಕೆ ಶೇ 9.0, ಬಳಸದವರಲ್ಲಿ ಶೇ 9.6. ಅಂದರೆ ವ್ಯತ್ಯಾಸವಿಲ್ಲ. ನಿರೀಕ್ಷಿಸಿದಷ್ಟು ರೋಗಿಗಳು ಸೇರದೆ ಆ ಅಧ್ಯಯನ ಅವಧಿಗೆ ಮುನ್ನವೇ ನಿಂತಿತು. ಜಪಾನಿನಲ್ಲಿ ಗುದನಾಳದ ಕ್ಯಾನ್ಸರ್‌ನ 850 ರೋಗಿಗಳ ಮೇಲೆ ನಡೆದು 2023ರಲ್ಲಿ ವರದಿಯಾದ ಅಧ್ಯಯನ ಬೇರೆಯದನ್ನೇ ಹೇಳಿತು. ಅಲ್ಲಿ ಸೋರಿಕೆ ಶೇ 11.8ರಿಂದ ಶೇ 7.6ಕ್ಕೆ ಇಳಿದಿತ್ತು. 2024ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅವಾಯ್ಡ್ ಅಧ್ಯಯನದಲ್ಲಿ 931 ರೋಗಿಗಳ ಲೆಕ್ಕ ಹಾಕಿದಾಗ ಬಣ್ಣ ಬಳಸಿದವರಲ್ಲಿ ಶೇ 7, ಬಳಸದವರಲ್ಲಿ ಶೇ 9ರಷ್ಟು ಸೋರಿಕೆ ಕಂಡುಬಂತು. ಈ ಅಂತರ ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಚಿತ್ರ ಮೂಡುತ್ತದೆ. ಗುದನಾಳದ ಕೆಳಭಾಗದ ಹೊಲಿಗೆಯಂತಹ ಹೆಚ್ಚು ಅಪಾಯದ ಸಂದರ್ಭಗಳಲ್ಲಿ ಪ್ರಯೋಜನ ಸಿಗುವ ಸಾಧ್ಯತೆ ಹೆಚ್ಚು. ಎಲ್ಲ ಕರುಳಿನ ಶಸ್ತ್ರಚಿಕಿತ್ಸೆಗಳಿಗೂ ಇದು ಕಡ್ಡಾಯವೆನ್ನಲು ಪುರಾವೆ ಸಾಲದು. ನೂರು ಮಂದಿಯಲ್ಲಿ ಎರಡು ಮೂರು ಮಂದಿಯ ಸೋರಿಕೆ ತಪ್ಪಿದರೂ ಆ ಎರಡು ಮೂರು ಕುಟುಂಬಗಳಿಗೆ ಅದು ಸಣ್ಣ ಸಂಗತಿಯಲ್ಲ. ಹಾಗೆಂದು ಉಳಿದ ಏಳೆಂಟು ಮಂದಿಯ ಸೋರಿಕೆಯನ್ನು ಬಣ್ಣ ತಡೆಯಲಿಲ್ಲ ಎಂಬುದೂ ಅಷ್ಟೇ ಸತ್ಯ.

ಬಣ್ಣ ಹೇಳದ ಸಂಗತಿಗಳು

ರಕ್ತ ತಲುಪಿದರೂ ಹೊಲಿಗೆ ಬಿಡಬಹುದು. ಕರುಳನ್ನು ಬಿಗಿಯಾಗಿ ಎಳೆದು ಹೊಲಿದಿದ್ದರೆ, ರೋಗಿ ಧೂಮಪಾನಿಯಾಗಿದ್ದರೆ, ಅಪೌಷ್ಟಿಕತೆಯಿದ್ದರೆ, ಸಕ್ಕರೆ ಪ್ರಮಾಣ ನಿಯಂತ್ರಣದಲ್ಲಿಲ್ಲದಿದ್ದರೆ, ಮೊದಲೇ ವಿಕಿರಣ ಚಿಕಿತ್ಸೆಯಾಗಿದ್ದರೆ ಅಪಾಯ ಇದ್ದೇ ಇರುತ್ತದೆ. ಇವುಗಳಲ್ಲಿ ಯಾವುದನ್ನೂ ಹಸಿರು ಬೆಳಕು ಸರಿಪಡಿಸದು.

ಚಿತ್ರವನ್ನು ಓದುವುದರಲ್ಲಿಯೂ ತೊಡಕುಗಳಿವೆ. ಹೊಳಪು ಎಷ್ಟಿದ್ದರೆ ಸಾಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಕ್ಯಾಮೆರಾ ಹತ್ತಿರ ಹೋದರೆ ಹೊಳಪು ಹೆಚ್ಚು, ದೂರ ಸರಿದರೆ ಕಡಿಮೆ. ಎಷ್ಟು ಹೊತ್ತಿನ ನಂತರ ನೋಡಿದರು ಎಂಬುದೂ ಮುಖ್ಯ. ಮೊದಲ ನಿಮಿಷದಲ್ಲಿ ಕಪ್ಪಾಗಿದ್ದ ತುದಿಗೂ ಕೆಲವು ನಿಮಿಷಗಳ ನಂತರ ಅಕ್ಕಪಕ್ಕದಿಂದ ಬಣ್ಣ ಹರಡಿ ಹಸಿರಾಗಿ ಕಾಣಬಹುದು. ಕಾಲುವೆಯ ನೀರು ಬಾರದಿದ್ದರೂ ಪಕ್ಕದ ಗದ್ದೆಯಿಂದ ಜಿನುಗಿ ಮಣ್ಣು ತೇವವಾದಂತೆ ಅದು. ರಕ್ತ ಒಳಬರುವುದನ್ನು ಬಣ್ಣ ತೋರಿಸುತ್ತದೆ. ಅಭಿಧಮನಿಯ ಮೂಲಕ ಸರಾಗವಾಗಿ ಹೊರಹೋಗುತ್ತಿದೆಯೇ ಎಂಬುದನ್ನು ಅಷ್ಟು ಚೆನ್ನಾಗಿ ತೋರಿಸುವುದಿಲ್ಲ. ದಪ್ಪ ಕೊಬ್ಬಿನ ಪದರದ ಕೆಳಗಿನದೂ ಕಾಣದು.

ಸುರಕ್ಷತೆಯ ವಿಷಯದಲ್ಲಿ ಐಸಿಜಿಗೆ ಒಳ್ಳೆಯ ಹೆಸರಿದೆ. ಗಂಭೀರ ಅಲರ್ಜಿ ವಿರಳ, ಆದರೆ ಇಲ್ಲವೇ ಇಲ್ಲವೆಂದಲ್ಲ. ಔಷಧದಲ್ಲಿ ಅಲ್ಪ ಪ್ರಮಾಣದ ಸೋಡಿಯಂ ಅಯೋಡೈಡ್ ಇರುವ ಕಾರಣ ಅಯೋಡಿನ್ ಅಲರ್ಜಿಯ ಇತಿಹಾಸವಿರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಥೈರಾಯ್ಡ್‌ಗೆ ವಿಕಿರಣಶೀಲ ಅಯೋಡಿನ್ ಪರೀಕ್ಷೆ ಮಾಡಿಸಬೇಕಾದವರು ಐಸಿಜಿ ಪಡೆದ ಬಳಿಕ ಕನಿಷ್ಠ ಒಂದು ವಾರ ಕಾಯಬೇಕು. ಯಕೃತ್ತಿನ ಕಾಯಿಲೆಯಿದ್ದರೆ ಬಣ್ಣ ಹೊರಹೋಗುವುದು ನಿಧಾನ. ಗರ್ಭಿಣಿಯರಿಗೆ ಅನಿವಾರ್ಯವಾದರೆ ಮಾತ್ರ ಕೊಡಲಾಗುತ್ತದೆ. ಬಣ್ಣ ಕೊಟ್ಟ ಕೂಡಲೇ ಬೆರಳಿಗೆ ಹಾಕಿದ ಆಮ್ಲಜನಕ ಮಾಪಕದ ಅಂಕಿ ಕ್ಷಣಕಾಲ ಇಳಿಯುವುದುಂಟು. ಅದು ಮಾಪಕದ ಬೆಳಕಿಗೆ ಬಣ್ಣ ಅಡ್ಡಬಂದ ಪರಿಣಾಮವೇ ಹೊರತು ಆಮ್ಲಜನಕ ಕಡಿಮೆಯಾದದ್ದಲ್ಲ.

ಬಣ್ಣ ಅಗ್ಗ, ಕ್ಯಾಮೆರಾ ದುಬಾರಿ

ಔಷಧಕ್ಕಾಗಿ ವಿದೇಶವನ್ನೇ ನಂಬಬೇಕಾದ ಸ್ಥಿತಿ ಭಾರತಕ್ಕಿಲ್ಲ. ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗಕ್ಕೆ ಸೇರಿದ, 1992ರಲ್ಲಿ ಆರಂಭವಾದ ಅರೋಲ್ಯಾಬ್ ಸಂಸ್ಥೆ ಐಸಿಜಿಯನ್ನು ದೇಶದಲ್ಲಿಯೇ ತಯಾರಿಸುತ್ತದೆ. ಮೂಲತಃ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬೇಕಾದ ಬಣ್ಣವಿದು. ವೆಚ್ಚದ ದೊಡ್ಡ ಪಾಲು ಅವಕೆಂಪು ಕ್ಯಾಮೆರಾ, ದೀಪ ಮತ್ತು ದರ್ಶಕಗಳದ್ದು. ಈ ಕಾರಣದಿಂದಲೇ ಕಡಿಮೆ ವೆಚ್ಚದ ಪರ್ಯಾಯಗಳತ್ತ ವೈದ್ಯರ ಗಮನ ಹರಿದಿದೆ. ಬೆಂಗಳೂರಿನ ಮಣಿಪಾಲ ಆಸ್ಪತ್ರೆಯಲ್ಲಿದ್ದಾಗ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ಎಸ್.ಪಿ. ಸೋಮಶೇಖರ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್‌ನಲ್ಲಿ ಕಂಕುಳಿನ ಮೊದಲ ದುಗ್ಧಗ್ರಂಥಿಯನ್ನು ಗುರುತಿಸಲು ಕಡಿಮೆ ವೆಚ್ಚದ ಐಸಿಜಿ ವಿಧಾನವನ್ನು ಹಳೆಯ ವಿಕಿರಣಶೀಲ ದ್ರವ ಮತ್ತು ನೀಲಿ ಬಣ್ಣದ ಜೋಡಿ ವಿಧಾನದೊಂದಿಗೆ ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಗಿದೆ. ಉದ್ದೇಶ ಬೇರೆಯಾದರೂ ಬಳಸುವ ಬಣ್ಣವೂ ಬೆಳಕಿನ ತತ್ತ್ವವೂ ಒಂದೇ.

ದಾವಣಗೆರೆ ಸುತ್ತಲಿನ ಜಿಲ್ಲೆಗಳ ಪಾಲಿಗೆ ಬಹುಕಾಲದಿಂದ ವೈದ್ಯಕೀಯ ಕೇಂದ್ರ. ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ 1965ರಲ್ಲಿಯೇ ಇಲ್ಲಿ ಆರಂಭವಾಯಿತು. ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿಗೆ ಹರಿಹರ, ರಾಣೆಬೆನ್ನೂರು, ಹರಪನಹಳ್ಳಿ, ಚನ್ನಗಿರಿ ಕಡೆಗಳಿಂದ ರೋಗಿಗಳು ಬರುತ್ತಾರೆ. ಇಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತದೆ. ಕೇವಲ ಈ ಕ್ಯಾಮೆರಾ ಇದೆಯೆಂಬ ಕಾರಣಕ್ಕೆ ಆಸ್ಪತ್ರೆ ಬದಲಿಸುವುದನ್ನು ಮೇಲಿನ ಅಧ್ಯಯನಗಳು ಸಮರ್ಥಿಸುವುದಿಲ್ಲ. ಶಸ್ತ್ರಚಿಕಿತ್ಸಕರ ಅನುಭವ, ಅರಿವಳಿಕೆಯ ಗುಣಮಟ್ಟ, ತೀವ್ರ ನಿಗಾ ಘಟಕದ ವ್ಯವಸ್ಥೆ, ತೊಂದರೆಯಾದರೆ ರಾತ್ರಿ ಎರಡು ಗಂಟೆಗೂ ಧಾವಿಸಿ ಬರುವ ತಂಡ, ಇವುಗಳ ತೂಕ ಹೆಚ್ಚು.

ಕುಟುಂಬದವರು ಕೇಳಬಹುದಾದ ಪ್ರಶ್ನೆಗಳು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಕೆಲವನ್ನು ಕೇಳುವುದರಲ್ಲಿ ಸಂಕೋಚ ಬೇಡ.

1. ಈ ಶಸ್ತ್ರಚಿಕಿತ್ಸೆಯಲ್ಲಿ ಹೊಲಿಗೆ ಸೋರುವ ಅಪಾಯ ಎಷ್ಟು? ಈ ರೋಗಿಯಲ್ಲಿ ಅದನ್ನು ಹೆಚ್ಚಿಸುವ ಅಂಶಗಳೇನು?

2. ರಕ್ತಪೂರೈಕೆಯನ್ನು ಹೇಗೆ ಪರೀಕ್ಷಿಸುತ್ತೀರಿ? ಐಸಿಜಿ ವ್ಯವಸ್ಥೆ ಇದ್ದರೆ ಈ ರೋಗಿಗೆ ಅದರ ಅಗತ್ಯವಿದೆಯೇ?

3. ಅದರ ಖರ್ಚು ಪ್ರತ್ಯೇಕವೇ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಅಥವಾ ವಿಮೆಯಡಿ ಚಿಕಿತ್ಸೆ ಪಡೆಯುವುದಾದರೆ ಅದು ಪ್ಯಾಕೇಜಿನೊಳಗೆ ಸೇರಿದೆಯೇ?

4. ತಾತ್ಕಾಲಿಕವಾಗಿ ಮಲದ ಚೀಲ ಇಡುವ ಸಾಧ್ಯತೆ ಇದೆಯೇ? ಎಷ್ಟು ಕಾಲ?

5. ಮನೆಗೆ ಹೋದ ಮೇಲೆ ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು?

ರೋಗಿಯ ಕೈಯಲ್ಲಿರುವುದೂ ಇದೆ. ಶಸ್ತ್ರಚಿಕಿತ್ಸೆಗೆ ಕೆಲವು ವಾರಗಳ ಮುಂಚೆಯೇ ಬೀಡಿ, ಸಿಗರೇಟು, ತಂಬಾಕು ಬಿಡುವುದು, ಸಕ್ಕರೆಯನ್ನು ಹತೋಟಿಗೆ ತರುವುದು, ರಕ್ತಹೀನತೆಗೆ ಚಿಕಿತ್ಸೆ ಪಡೆಯುವುದು, ಚೆನ್ನಾಗಿ ಉಣ್ಣುವುದು. ಇವುಗಳಿಗೆ ಕ್ಯಾಮೆರಾ ಬೇಕಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ಉಸಿರಾಟದ ವೇಗ ಹೆಚ್ಚಳ ಕಂಡುಬಂದರೆ ಮರುದಿನದವರೆಗೆ ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯನ್ನೇ ಸಂಪರ್ಕಿಸಬೇಕು. ಸೋರಿಕೆಯನ್ನು ಬೇಗ ಗುರುತಿಸಿದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು.